ಚಂದ್ರಿಯ ಎಡಗಾಲು

೧೯೬೦ನೆಯ ಇಸವಿ ಫೆಬ್ರವರಿ ಎಂಟನೆಯ ತಾರೀಖು, ಸೋಮವಾರ. ಹಳಿಯಾಳ ಠಾಣೆಯ ಫೌಜದಾರ ಬಸಲಿಂಗಯ್ಯನವರು ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಬಂದು ಕುರ್ಚಿಯಲ್ಲಿ ಕುಳಿತಿದ್ದರು. ಸೋಮವಾರ ಅವರಿಗೆ ಒಪ್ಪತ್ತು. ಒಪ್ಪತ್ತಿನ ದಿನ ಸುಳ್ಳು ಹೇಳುವವರನ್ನು ಠಾಣೆಗೆ ಕಳುಹಿಸಬೇಡ ಎಂದು ಅವರು ಶಿವನಲ್ಲಿ ಬೇಡಿಕೊಳ್ಳುತ್ತಿದ್ದುದುಂಟು. ಶಿವನು ಆ ಒಂದು ಬೇಡಿಕೆಯನ್ನು ಇದುವರೆಗೆ ನಡೆಸಿಕೊಟ್ಟಿರಲಿಲ್ಲ.

ಒಂಬತ್ತು ಗಂಟೆಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಬಂದವನು ಕಟ್ಟಿಗೆ ಗುತ್ತಿಗೆದಾರ ಕರಿಬಸಪ್ಪ. ವಯಸ್ಸು ನಲವತ್ತೆಂಟು. ಮೊಣಕಾಲುದ್ದದ ಸವಾರಿ ಬೂಟು, ಅದರ ಮೇಲೆ ಕಚ್ಚೆ ಹಾಕಿದ ಧೋತರ, ಕೈಯಲ್ಲಿ ಬೆತ್ತ. ನಾಲ್ಕು ತಿಂಗಳ ಹಿಂದೆ ಬೆಳಗಾವಿಯಿಂದ ಬಿಳಿಯ ಹೆಣ್ಣು ಕುದುರೆಯೊಂದನ್ನು ತಂದಂದಿನಿಂದ ಈ ಬೂಟು ಅವನ ಕಾಲು ಬಿಟ್ಟಿರಲಿಲ್ಲ. ಕುದುರೆಯ ಮೇಲಿಂದ ಅವನು ಬಿದ್ದದ್ದನ್ನು ಊರಿನ ಅರ್ಧ ಜನ ನೋಡಿದ್ದರು; ಉಳಿದರ್ಧ ಜನ ನೋಡಿದವರಿಂದ ಕೇಳಿ ತಿಳಿದಿದ್ದರು.

"ನನ್ನ ಕುದುರಿ ಕಾಲ ಹಾಳ ಮಾಡ್ಯಾರ್ರಿ ಸಾಹೇಬ್ರ."

"ಯಾರು?"

"ಮತ್ತ್ಯಾರು, ನಾಲಬಂದ ಮನ್ಸೂರ. ಗುರುವಾರ ಲಾಳ ಕಟ್ಟ್ಯಾನ. ನಿನ್ನೆ ಮುಂಜಾನಿಂದ ಎಡಗಾಲ ನೆಲಕ್ಕ ಊರವಲ್ದು. ಬೇಕಂತ ಗೊರಸಿನೊಳಗಿನ ಜೀವಕ್ಕ ಮೊಳಿ ಹೊಡದಾನ."

"ಬೇಕಂತ ಯಾಕ ಹೊಡೀತಾನ?"

"ಎರಡ ಮಾತು ಬೈದಿದ್ದೆ. ಬೆತ್ತಾನೂ ತೋರಿಸಿದ್ದೆ. ಆ ಜನಕ್ಕ ಇಷ್ಟರಾಗ ಸೊಕ್ಕು ಬಂದೈತಿ."

ಹವಾಲ್ದಾರ ಪರಸಪ್ಪ ಬಾಗಿಲ ಬಳಿ ನಿಂತು ಗೋಡೆಯ ಕಡೆ ಮುಖ ಮಾಡಿದ. ಅವನಿಗೆ ನಗು ಬಂದಾಗ ಗೋಡೆ ನೋಡುವುದು ರೂಢಿ.

"ಸಾವಕಾರ್ರ, ಕುದುರಿ ಕುಂಟಿದ್ರ ದನದ ದವಾಖಾನಿಗೆ ಹೋಗ್ತಾರ. ನೀವು ಠಾಣೇಕ ಬಂದೀರಿ. ಇಷ್ಟ್ಯಾಕ ಅವಸರ?"

"ಶುಕ್ರವಾರ ಮುಂಡಗೋಡ ಕಡೆ ಲಗ್ನ ಐತ್ರಿ."

"ಯಾರದು?"

ಕರಿಬಸಪ್ಪ ಬೆತ್ತದಿಂದ ಬೂಟು ತಟ್ಟಿಕೊಂಡ. "ನಂದ."

ಫೌಜದಾರರು ಲೇಖಣಿ ಕೆಳಗಿಟ್ಟರು. ಅವನ ಹೆಂಡತಿ ಶಂಕ್ರವ್ವನನ್ನು ಅವರು ಹಿಂದಿನ ಸೋಮವಾರವಷ್ಟೇ ಗುಡಿಯಲ್ಲಿ ನೋಡಿದ್ದರು. ಇಪ್ಪತ್ತೆರಡು ವರ್ಷದ ಸಂಸಾರ, ಮದುವೆಯಾಗಿ ಹೋದ ಒಬ್ಬ ಮಗಳು.

"ಶಂಕ್ರವ್ವನೋರು ಅರಾಮ ಅದಾರಲ್ಲಾ?"

"ಅದಾಳ. ಅಕಿ ಒಪ್ಪಿಗಿ ಕೊಟ್ಟಾಳ."

"ಕಾಯದೆ ಕೊಟ್ಟಿಲ್ಲ. ಒಬ್ಬಾಕಿ ಇರಬೇಕಾದ್ರ ಇನ್ನೊಬ್ಬಾಕಿ ಅಂದ್ರ ಜೇಲು. ಆ ಕಾಯದೆ ಬಂದು ಐದು ವರ್ಷ ಆತು."

"ಅದನ್ನ ಆದ ಮ್ಯಾಲೆ ನೋಡೂಣಂತ. ಈಗ ನಾ ಬಂದದ್ದು ಕುದುರಿ ಸಲುವಾಗಿ." ಅವನಿಗೂ ವಕೀಲರ ಪರಿಚಯವಿತ್ತು. ಲಗ್ನ ನಡೆಯುವ ತನಕ ಅಪರಾಧವಿಲ್ಲ. ನಡೆದ ಮೇಲೂ ಹೆಂಡತಿಯೇ ಕೋರ್ಟಿಗೆ ಹೋಗಿ ಹೇಳಿಕೊಳ್ಳಬೇಕು. ಪೊಲೀಸರು ತಾವಾಗಿ ಕೈ ಹಾಕುವಂತಿಲ್ಲ. ಶಂಕ್ರವ್ವ ಕೋರ್ಟಿನ ಮೆಟ್ಟಿಲು ಹತ್ತುವವಳಲ್ಲ. ಇದೆಲ್ಲ ಲೆಕ್ಕ ಹಾಕಿಯೇ ಅವನು ಬೂಟು ಹಾಕಿಕೊಂಡಿದ್ದ.

ಬೀಗರದು ಹಳೆಯ ದೇಸಗತಿ ಮನೆತನ. ಆಳುವ ಕಾಲ ಹೋಗಿ, ಕುದುರೆಲಾಯದಲ್ಲಿ ಈಗ ಎಮ್ಮೆ ಕಟ್ಟುತ್ತಿದ್ದರು. ಆದರೆ ಒಂದು ಪದ್ಧತಿ ಮಾತ್ರ ಬಿಟ್ಟಿರಲಿಲ್ಲ. ಆ ಮನೆಯ ಹೆಣ್ಣನ್ನು ಕೇಳುವ ವರ ಊರ ಎಲ್ಲೆಯಿಂದ ಕುದುರೆ ಹತ್ತಿ ಬರಬೇಕು. ಬಾಗಿಲಿಗೆ ಬರುವವರೆಗೆ ಅವನ ಕಾಲು ನೆಲ ಮುಟ್ಟಬಾರದು, ಕುದುರೆ ಮುಗ್ಗರಿಸಬಾರದು. ಮುಗ್ಗರಿಸಿದರೆ ದಿಬ್ಬಣ ಅಲ್ಲಿಂದಲೇ ಹಿಂದಿರುಗಬೇಕು. ಕಟ್ಟಿಗೆಯಲ್ಲಿ ಮೇಲೆ ಬಂದ ಕರಿಬಸಪ್ಪನಿಗೆ ದೇಸಾಯರ ಅಳಿಯ ಎನಿಸಿಕೊಳ್ಳುವುದು ಬೇಕಾಗಿತ್ತು. ಹತ್ತೊಂಬತ್ತು ವರ್ಷದ ಹುಡುಗಿ ಅದರ ಜೊತೆಗೆ ಬರುವ ವಸ್ತುವಾಗಿದ್ದಳು. ಹೀಗೆ ಆ ಲಗ್ನವೆಲ್ಲ ಈಗ ಒಂದು ಕುದುರೆಯ ಒಂದು ಗೊರಸಿನ ಮೇಲೆ ನಿಂತಿತ್ತು.

"ಫಿರ್ಯಾದಿ ಬರಕೊಳ್ರಿ," ಎಂದ ಕರಿಬಸಪ್ಪ. "ಇದನ್ನೂ ಬರೀರಿ. ಕುದುರಿಗೆ ಕೈ ಹಚ್ಚಿದವರು ಯಾರರೇ ಇರಲಿ, ಕೈಗೆ ಬೇಡಿ ಬೀಳಬೇಕು. ನಾ ಹಿಂದ ತಗೊಳ್ಳಾವಲ್ಲ. ತಡ ಮಾಡಿದ್ರ ಕಾರವಾರಕ್ಕ ಫೋನ್ ಹಚ್ಚತೇನಿ."

ದಂಡ ಸಂಹಿತೆಯ ೪೨೯ನೆಯ ಕಲಮು. ಕುದುರೆಯನ್ನು ಅಂಗಹೀನ ಮಾಡಿದವರಿಗೆ ಐದು ವರ್ಷದವರೆಗೆ ಸಜೆ. ಬಸಲಿಂಗಯ್ಯನವರು ಎಫ್.ಐ.ಆರ್. ಬರೆದರು. ಕುದುರೆಯ ಕಾಲಿಗಾದರೆ ಪೊಲೀಸರು ಓಡಬೇಕು. ಶಂಕ್ರವ್ವನ ಬಾಳಿಗೆ ಆಕೆ ತಾನೇ ಓಡಬೇಕು.

ಹನ್ನೊಂದು ಗಂಟೆಗೆ ಸ್ಥಳಕ್ಕೆ ಹೋದರು. ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಕಟ್ಟಿಗೆಯವನ ಮನೆ ಎಂದು ಹೇಳುವುದೇ ಬೇಡ; ಬಾಗಿಲಿಗೆ, ಕಂಬಕ್ಕೆ, ತೊಲೆಗೆ ಸಾಗವಾನಿ ಸುರಿದಿದ್ದ. ಪಡಸಾಲೆಯಲ್ಲಿ ಅವನ ತಾಯಿ ಕಾಶೆವ್ವ ಎದುರಾದಳು. ಎಪ್ಪತ್ತರ ಹತ್ತಿರದ, ಬಾಗದ ಮುದುಕಿ. ಫೌಜದಾರರ ಟೊಪ್ಪಿಗೆಯನ್ನು ಅವಳು ನೋಡಲಿಲ್ಲ. ಜಂಗಮರು ಎಂದು ಬಗ್ಗಿ ಕಾಲು ಮುಟ್ಟಿದಳು.

"ಅಯ್ಯನೋರ, ಸೋಮವಾರ ಬಂದೀರಿ. ಇಬತ್ತಿ ಹಚ್ಚಿಕೊಳ್ರಿ."

ದೇವರ ಜಗುಲಿಯಿಂದ ತಂದ ವಿಭೂತಿ ಗಟ್ಟಿಯನ್ನು ಅವರು ಬೆರಳಿಂದ ತೀಡಿ ಹಣೆಗೆ ಹಚ್ಚಿಕೊಂಡರು. ಪಚ್ಚಕರ್ಪೂರದ ವಾಸನೆ ಘಮ್ಮೆಂದಿತು.

"ಇಂಥಾದ್ದು ಪ್ಯಾಟ್ಯಾಗ ಸಿಗೂದಿಲ್ಲಲ್ಲ ಅವ್ವಾರ."

"ಮನ್ಯಾಗ ನಾನ ಮಾಡ್ತೇನ್ರಿ. ಕರ್ಪೂರ ಹಾಕೂದು ನನ್ನ ತವರಿನ ರೂಢಿ."

"ಸಾಕ ಬಿಡವ್ವ," ಎಂದ ಕರಿಬಸಪ್ಪ ಹಿಂದಿನಿಂದ. "ಇಬತ್ತಿ ಪುರಾಣ ಕೇಳಾಕ ಬಂದಿಲ್ಲ ಅವರು."

ಮುದುಕಿ ಮಗನನ್ನು ನೋಡಿದಳು. ತೂಕ ಕಡಿಮೆಯಿರುವ ನಾಣ್ಯವನ್ನು ನೋಡುವ ಹಾಗೆ ನೋಡಿ, ಒಳಗೆ ಹೋದಳು.

ಲಾಯ ಹಿತ್ತಲಲ್ಲಿತ್ತು. ಕುದುರೆಯ ಹೆಸರು ಚಂದ್ರಿ. ಎಡ ಮುಂಗಾಲನ್ನು ಮುಂದೆ ಚಾಚಿ, ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತಿತ್ತು. ಬಸಲಿಂಗಯ್ಯನವರು ಮುಂಬಯಿ ಸರಕಾರದ ಕಾಲದಲ್ಲಿ ಪುಣೆಯ ಸವಾರಿ ಪೊಲೀಸರಲ್ಲಿ ಆರು ವರ್ಷ ಇದ್ದವರು. ಅಂಗಳದ ಗಟ್ಟಿ ನೆಲದ ಮೇಲೆ ಕುದುರೆಯನ್ನು ನಿಧಾನಕ್ಕೆ ನಡೆಸಲು ಪರಸಪ್ಪನಿಗೆ ಹೇಳಿ, ತಾವು ಎದುರು ನಿಂತರು.

"ಅದರ ತಲಿ ನೋಡು ಪರಸಪ್ಪ. ಎಡಗಾಲ ಊರಿದಾಗ ತಲಿ ಮ್ಯಾಲೆ ಎತ್ತತೈತಿ. ಬಲಗಾಲ ಊರಿದಾಗ ಇಳಸತೈತಿ. ನೋವಿನ ಕಾಲಿನ ಮ್ಯಾಲೆ ಭಾರ ಬೀಳಬಾರದಂತ ತಲೀನ ಹೊತ್ತಕೊಂಡ ನಡೀತೈತಿ."

"ಭುಜದ ನೋವು ಇರಬಹುದೇನ್ರಿ?"

ಅವರು ಅಂಗೈಯ ಹಿಂಬದಿಯಿಂದ ಎರಡೂ ಗೊರಸು ಮುಟ್ಟಿ ನೋಡಿದರು. ಬಲಗಡೆಯದು ತಂಪು. ಎಡಗಡೆಯದು ಒಲೆಯ ಪಕ್ಕ ಇಟ್ಟ ಗಡಿಗೆಯ ಹಾಗೆ ಬಿಸಿ. ಗೊರಸಿನ ಮೇಲಿನ ಸಂದಿನಲ್ಲಿ ಬೆರಳಿಟ್ಟರೆ ನಾಡಿ ಟಪಟಪ ಹೊಡೆಯುತ್ತಿತ್ತು.

"ಭುಜ ಅಲ್ಲ. ಗೊರಸಿನ ಒಳಗ ಕೀವು ಕಟ್ಟಾಕತ್ತೈತಿ."

ಕಾಲೆತ್ತಿ ತಳ ನೋಡಲು ಹೋದರೆ ಚಂದ್ರಿ ಕಿವಿ ಹಿಂದಕ್ಕೆ ಒತ್ತಿ, ಹಿಂಗಾಲ ಮೇಲೆ ಎದ್ದಿತು. ಎರಡು ಸಲ ನೋಡಿ ಬಿಟ್ಟರು. "ಡಾಕ್ಟರ್ ಇಲ್ಲದ ಲಾಳ ತಗಿಯೂದು ಬ್ಯಾಡ. ಸಾಕ್ಷಿ ಕೆಡತೈತಿ."

"ಡಾಕ್ಟರ್ ಕುಂಬಾರವಾಡದ ಕಡೆ ದನಕ್ಕ ಚುಚ್ಚಾಕ ಹೋಗ್ಯಾರ," ಎಂದ ಪರಸಪ್ಪ. "ನಾಳೆ ಬಸ್ಸು ಬಂದ್ರ ಬಂದಾರು."

"ನನಗ ಶುಕ್ರವಾರ ಒಂದ ದಿನ ನಡೆದ್ರ ಸಾಕ್ರಿ," ಎಂದ ಕರಿಬಸಪ್ಪ. "ಏನರೇ ಚುಚ್ಚಿ ಕಾಲ ಮರಗಟ್ಟಿಸಿ ಬಿಡ್ರಿ. ಆಮ್ಯಾಲೆ ಬೇಕಾರ ಗುಂಡು ಹಾಕ್ರಿ ಅದಕ್ಕ. ಅದರ ಕೆಲಸ ಅಲ್ಲಿಗೆ ಮುಗೀತು."

ಅಡುಗೆಮನೆಯ ಬಾಗಿಲಲ್ಲಿ ಏನೋ ಪಾತ್ರೆ ಬಿದ್ದ ಸದ್ದಾಯಿತು. ಬಸಲಿಂಗಯ್ಯನವರಿಗೆ ಆ ಕ್ಷಣ ಈ ಮನುಷ್ಯನೇ ತನ್ನ ಕುದುರೆಯನ್ನು ಕಲ್ಲುದಾರಿಯಲ್ಲಿ ಓಡಿಸಿ ಕೆಡಿಸಿರಲಿ ಎನ್ನಿಸಿತು. ತಪ್ಪು ಇವನದೇ ಎಂದು ಸಿದ್ಧವಾದರೆ ಎಷ್ಟು ಚೆಂದ! ಹಾಗೆ ಎನ್ನಿಸಿದ್ದಕ್ಕೆ ತಮ್ಮನ್ನು ತಾವೇ ಬೈದುಕೊಂಡರು. ತನಿಖೆ ಮಾಡುವವನಿಗೆ ಹೇಸಿಗೆ ಒಳ್ಳೆಯ ಕಣ್ಣಲ್ಲ. ಆದರೂ ಕೇಳಿದರು.

"ಶನಿವಾರ ಸವಾರಿ ಮಾಡಿದ್ರೇನು?"

"ಇಲ್ರಿ. ಸೊಂಟ ಹಿಡದಿತ್ತು."

"ಕುದುರಿಗೆ ಮೇವು ಹಾಕವರು ಯಾರು?"

"ಬೆಳಗಾವಿಂದ ಒಬ್ಬಾವ ಬಂದಿದ್ದ. ಬೈದದ್ದಕ್ಕ ಓಡಿಹೋದ. ಕ್ಯಾಸಲ್‌ರಾಕ್‌ನ್ಯಾಗ ರೈಲ್ವೆ ಗ್ಯಾಂಗ್ ಸೇರ್ಯಾನಂತ. ಈಗ ಮನಿ ಹೆಂಗಸರ ಹಾಕ್ತಾರ."

ಓಡಿಹೋದವನ ವಿಷಯ ಅಂದೇ ಮಧ್ಯಾಹ್ನ ಫೋನಿನಲ್ಲಿ ತಿಳಿಯಿತು. ಅವನು ಹತ್ತು ದಿನಗಳಿಂದ ಜ್ವರ ಬಂದು ರೈಲ್ವೆ ದವಾಖಾನೆಯ ಹಾಸಿಗೆಯಲ್ಲಿದ್ದ. ಆ ದಾರಿ ಅಲ್ಲಿಗೆ ಮುಚ್ಚಿತು.

ನಾಲಬಂದ ಮನ್ಸೂರನನ್ನು ಪರಸಪ್ಪ ನಾಲ್ಕು ಗಂಟೆಗೆ ಕರೆತಂದ. ಮೂವತ್ತೈದರ ಗಟ್ಟಿ ಆಳು. ಕೈಗೆ ಬೇಡಿ ಹಾಕಿರಲಿಲ್ಲ, ಆದರೆ ಓಣಿಯ ಜನ ನೋಡಿದ್ದರು. ಅಷ್ಟು ಸಾಕಲ್ಲ.

"ಗುರುವಾರ ಲಾಳ ಕಟ್ಟಿದಿ?"

"ಕಟ್ಟೇನ್ರಿ ಸಾಬ್."

"ಬೈಸಿಕೊಂಡಿ?"

"ಬೈಸಿಕೊಂಡೆ. ಬೈದದ್ದಕ್ಕ ಕುದುರಿಗೆ ಮೊಳಿ ಹೊಡೆಯಂಗಿದ್ರ ಈ ತಾಲೂಕಿನ್ಯಾಗ ಒಂದ ಟಾಂಗಾ ಓಡ್ತಿರಲಿಲ್ರಿ."

"ಮೊಳೆ ಜೀವಕ್ಕ ತಗುಲಿರಬಹುದು, ನಿನಗ ಗೊತ್ತಿಲ್ದಂಗ."

"ತಗುಲಿದ್ರ ಕುದುರಿ ಅಲ್ಲೇ ಹೇಳತೈತ್ರಿ. ನನ್ನ ಎದಿಗೆ ಒದ್ದು ಹೇಳತೈತಿ." ಮನ್ಸೂರ ಬೆರಳಿನ ಮೇಲೆ ದಿನ ಎಣಿಸಿದ. "ಆದ್ರೂ ಹತ್ರ ಹಾದಿದ್ರ ಎರಡ ದಿನ ತಡೆದು ಕುಂಟೂದೂ ಉಂಟು. ಸುಳ್ಳ ಯಾಕ ಹೇಳ್ಲಿ. ಹಂಗೇನರೇ ಇದ್ರ ನನ್ನ ತಪ್ಪು ಖರೆ. ಬೇಕಂತ ಮಾತ್ರ ಅಲ್ಲ, ಅಲ್ಲಾ ಕಸಂ."

"ಡಾಕ್ಟರ್ ಬರೂತನಕ ಇಲ್ಲೇ ಇರಬೇಕಾಗತೈತಿ."

"ಇರ್ತೇನ್ರಿ. ನನ್ನ ಮನ್ಯಾಕಿ ಅಮೀರುನ್ನಿಸಾ ಒಬ್ಬಾಕಿ ಅದಾಳ, ಒಂದ ಮಾತ ಹೇಳಿ ಕಳಸ್ರಿ. ನಾಲ್ಕ ಮಂದಿ ನಾಲ್ಕ ಥರಾ ಹೇಳೂದಕ್ಕಿಂತ ಪೊಲೀಸರು ಹೇಳೂದ ಚಲೋ." ಬೆಂಚಿನ ಮೇಲೆ ಕೂರುತ್ತ ಅವನು ಗೊಣಗಿದ. "ಆ ಸಾವಕಾರ ಬೂಟಿಗೆ ಲಾಳ ಹೊಡಿ ಅಂದಿದ್ರ ಮಾತ್ರ ಸಾಬ್, ಬೇಕಂತ ಜೀವಕ್ಕ ಹೊಡೀತಿದ್ದೆ."

ಪರಸಪ್ಪ ಗೋಡೆಯ ಕಡೆ ತಿರುಗಿದ.

ಮಂಗಳವಾರ ಬೆಳಿಗ್ಗೆ ಬಸ್ಸು ಬಂತು. ಪಶುವೈದ್ಯ ಗಾಂವಕರರೂ ಬಂದರು. ಹತ್ತೂವರೆಗೆ ಇಬ್ಬರು ಪಂಚರನ್ನು ಕರೆದುಕೊಂಡು ಎಲ್ಲರೂ ಹಿತ್ತಲಿಗೆ ಹೋದರು. ಲಾಳ ತೆಗೆಯುವ ಕೆಲಸವನ್ನು ಮನ್ಸೂರನೇ ಎಲ್ಲರ ಕಣ್ಣೆದುರು ಮಾಡಲಿ ಎಂದು ಫೌಜದಾರರು ಹೇಳಿದ್ದರು.

ಕುದುರೆ ಕಾಲು ಕೊಡಲಿಲ್ಲ. ಡಾಕ್ಟರರು ಅದರ ಮೇಲ್ತುಟಿಗೆ ಹಗ್ಗದ ಕುಣಿಕೆ ಹಾಕಿ ತಿರುವಿದರು. ಚಂದ್ರಿ ಒದರಿತು, ಎದ್ದು ನಿಂತಿತು, ನೋವಿನ ಕಾಲ ಮೇಲೆಯೇ ಇಳಿದು ನರಳಿತು. ಇನ್ನೊಮ್ಮೆ ತಿರುವಿದರು. ತುಟಿಯಲ್ಲಿ ರಕ್ತ ಕಾಣಿಸಿತು.

"ಬಡೀರಿ ಅದಕ್ಕ," ಎಂದು ಕರಿಬಸಪ್ಪ ಬೆತ್ತ ಎತ್ತಿದ.

"ಬಿಡ್ರಿ ಅಕಿನ್ನ."

ಕಾಶೆವ್ವ ಅಡುಗೆಮನೆಯ ಹೊಸ್ತಿಲು ದಾಟಿ ಬಂದಿದ್ದಳು. ಮಗನ ಕೈಯ ಬೆತ್ತವನ್ನು ಸರಿಸಿ, ತುಟಿಯ ಕುಣಿಕೆಯನ್ನು ತಾನೇ ಬಿಚ್ಚಿದಳು. ಕುದುರೆಯ ಭುಜಕ್ಕೆ ತನ್ನ ಭುಜ ತಾಗಿಸಿ, ಕೈಯನ್ನು ಕಾಲಗುಂಟ ಕೆಳಗಿಳಿಸಿದಳು.

"ಕೊಡವ್ವಾ."

ಚಂದ್ರಿ ಎಡಗಾಲನ್ನು ಮಡಚಿ ಅವಳ ಅಂಗೈಯಲ್ಲಿ ಇಟ್ಟಿತು.

ಡಾಕ್ಟರರು ಮೊದಲು ಸಣ್ಣ ಸುತ್ತಿಗೆಯಿಂದ ಮೊಳೆಗಳ ತಲೆಯನ್ನು ಒಂದೊಂದಾಗಿ ತಟ್ಟಿದರು. ಕುದುರೆ ಅಲುಗಲಿಲ್ಲ. ಮನ್ಸೂರ ಇಕ್ಕಳದಿಂದ ಮೊಳೆಗಳನ್ನು ಎಳೆದು ಪಂಚರ ಮುಂದಿನ ತಟ್ಟೆಗೆ ಹಾಕುತ್ತ ಹೋದ. ಡಾಕ್ಟರರು ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ಒರೆಸಿ ಮೂಸಿದರು.

"ಒಂದಕ್ಕೂ ಹಸಿ ಇಲ್ಲ. ರಕ್ತ, ಕೀವು ಯಾವುದೂ ಇಲ್ಲ. ಎಲ್ಲವೂ ಗೊರಸಿನ ಗೋಡೆಯಲ್ಲೇ ಹೋಗಿವೆ. ಮೊಳೆಯಿಂದ ಬಂದ ಕುಂಟು ಇದಲ್ಲ."

ಮನ್ಸೂರ ಕರಿಬಸಪ್ಪನ ಕಡೆ ನೋಡಿ, "ಎಣಿಸಿಕೊಳ್ರಿ ಸಾವಕಾರ್ರ, ಎಲ್ಲಾ ನಿಮ್ಮವ," ಎಂದ.

ಡಾಕ್ಟರರು ದೊಡ್ಡ ಇಕ್ಕಳದಿಂದ ಗೊರಸಿನ ತಳವನ್ನು ಅಂಚಿನಿಂದ ನಡುವಿಗೆ ಒತ್ತುತ್ತ ಬಂದರು. ತಳದ ನಡುವೆ ಕವೆಯಂತಿರುವ ಮೆತ್ತನೆಯ ಭಾಗದ ಪಕ್ಕಕ್ಕೆ ಬಂದಾಗ ಚಂದ್ರಿಯ ಮೈಯೆಲ್ಲ ನಡುಗಿತು. ಅಲ್ಲಿ ಬಾಗಿದ ಕತ್ತಿಯಿಂದ ತೆಳ್ಳಗೆ ಕೆತ್ತಿದರು. ಮಣ್ಣು ಹೋಯಿತು. ಕೆಳಗೆ ಜೋಳದ ಕಾಳಿನಷ್ಟು ಬಿಳಿಯ ಮೆತ್ತು ಕಾಣಿಸಿತು.

"ಸುಣ್ಣವೇ?" ಎಂದರು ಡಾಕ್ಟರರು.

ಕಾಶೆವ್ವ ಮುಖ ಆಚೆ ತಿರುಗಿಸಿದಳು. ಆದರೆ ಅವಳು ಕಾಲನ್ನು ಬಿಡಲಿಲ್ಲ.

ಮೆತ್ತನ್ನು ತೆಗೆದ ಕೂಡಲೇ ಕಪ್ಪನೆಯ ಕೀವು ಪಿಚಕ್ಕನೆ ಹಾರಿತು. ನಾತಕ್ಕೆ ಪಂಚರು ಹಿಂದೆ ಸರಿದರು. ಕೀವಿನ ಹಿಂದೆಯೇ ಕತ್ತಿಯ ತುದಿಗೆ ಏನೋ ಗಟ್ಟಿಯಾಗಿ ತಾಗಿತು. ಡಾಕ್ಟರರು ಚಿಮಟಿಗೆಯಿಂದ ಎಳೆದರು. ಉಗುರಿನುದ್ದದ, ಚಪ್ಪಟೆಯಾದ, ಸ್ವಲ್ಪ ಬಾಗಿದ ಉಕ್ಕಿನ ತುದಿ.

"ದಬ್ಬಣದ ಮೂತಿ," ಎಂದ ಪರಸಪ್ಪ. ಚೀಲ ಹೊಲಿಯುವ ಆ ದಪ್ಪ ಸೂಜಿ ಇಲ್ಲದ ಮನೆ ಹಳಿಯಾಳದಲ್ಲಿ ಇರಲಿಲ್ಲ.

"ಇನ್ನೆರಡು ದಿನ ತಡವಾಗಿದ್ದರೆ ಕೀವು ಎಲುಬಿಗೆ ಇಳಿಯುತ್ತಿತ್ತು. ಆಮೇಲೆ ಈ ಕುದುರೆ ಏಳುತ್ತಿರಲಿಲ್ಲ," ಎಂದರು ಡಾಕ್ಟರರು.

ಫೌಜದಾರರು ಬಿಳಿಯ ಮೆತ್ತನ್ನು ಕಾಗದಕ್ಕೆ ತೆಗೆದುಕೊಂಡು ಬೆರಳಲ್ಲಿ ಹೊಸಕಿದರು. ಸುಣ್ಣವಾಗಿದ್ದರೆ ಬೆರಳಿಗೆ ತರಿತರಿಯಾಗಿ ಹತ್ತಬೇಕಿತ್ತು. ಇದು ನುಣುಪಾಗಿತ್ತು. ಮೂಗಿನ ಹತ್ತಿರ ಹಿಡಿದರು. ಕೀವಿನ ನಾತದ ನಡುವಿನಿಂದಲೂ ಪಚ್ಚಕರ್ಪೂರದ ವಾಸನೆ ಬಂತು. ನಿನ್ನೆ ಅವರ ಹಣೆಯ ಮೇಲೆ ಇದ್ದ ವಾಸನೆ.

ಚುಚ್ಚಿದವರು ಚುಚ್ಚಿದ ಗಾಯಕ್ಕೆ ವಿಭೂತಿ ಮೆತ್ತಿದ್ದರು. ಲಿಂಗವಂತರ ಮನೆಗಳಲ್ಲಿ ಕೂಸು ಬಿದ್ದು ಮಂಡಿ ಕೆತ್ತಿಕೊಂಡರೂ, ಕುಡುಗೋಲು ತಾಗಿದರೂ, ಕೈ ತಾನಾಗಿ ಮೊದಲು ವಿಭೂತಿಗೆ ಹೋಗುತ್ತದೆ. ಕಳ್ಳತನದಲ್ಲಿಯೂ ಕೈ ತನ್ನ ಭಕ್ತಿಯನ್ನು ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಕೀವು ಹೊರಗೆ ಹರಿದುಹೋಗಿ ಕುದುರೆಗೆ ಇಷ್ಟು ನೋವಾಗುತ್ತಿರಲಿಲ್ಲ.

ಬಸಲಿಂಗಯ್ಯನವರು ಕಾಗದವನ್ನು ಮಡಚಿ ಸಾಕ್ಷಿಗೆ ಇಡುವ ಮುದ್ದೇಮಾಲಿಗೆ ಸೇರಿಸಿ, ಮನ್ಸೂರನಿಗೆ, "ನೀ ಇನ್ನ ಮನಿಗೆ ಹೋಗು," ಎಂದರು.

"ಹೋಗ್ತೇನ್ರಿ. ಆದ್ರ ಓಣ್ಯಾಗ ಬಂದಂಗ ಹೋಗಾಂವಲ್ಲ. ಹವಾಲ್ದಾರ್ರು ಜೋಡಿ ಬಂದು ನಾಲ್ಕ ಮಂದಿ ಮುಂದ ಹೇಳಬೇಕು."

"ಹೇಳ್ತಾನ," ಎಂದರು ಫೌಜದಾರರು. ನ್ಯಾಯವಾದ ಮಾತು.

ಡಾಕ್ಟರರು ಬಿಸಿನೀರಿಗೆ ಉಪ್ಪು ಹಾಕಿಸಿ ಗೊರಸನ್ನು ಅದರಲ್ಲಿ ಇಳಿಸಿದರು. ಆಮೇಲೆ ರಂಧ್ರಕ್ಕೆ ಔಷಧ ತುಂಬಿ, ಬಿಸಿ ತೌಡಿನ ಹಿಟ್ಟು ಕಟ್ಟಿ, ಮೇಲೆ ಗೋಣಿ ಸುತ್ತಿದರು. ಧನುರ್ವಾಯುವಿನ ಸೂಜಿ ಕೊಟ್ಟರು. ಅಷ್ಟು ಹೊತ್ತೂ ಕಾಲನ್ನು ಹಿಡಿದವಳು ಕಾಶೆವ್ವನೇ.

"ಶುಕ್ರವಾರ?" ಎಂದ ಕರಿಬಸಪ್ಪ.

"ಎರಡು ತಿಂಗಳು ಯಾರೂ ಹತ್ತಬಾರದು."

"ನಾ ಎರಡ ತಿಂಗಳದ ಮಾತ ಕೇಳಿಲ್ಲ. ಶುಕ್ರವಾರದ್ದು ಕೇಳೇನಿ."

"ಶುಕ್ರವಾರ ನಡೆಸಬೇಕಾದರೆ," ಎಂದರು ಡಾಕ್ಟರರು ಕೈ ತೊಳೆಯುತ್ತ, "ನೀವೇ ಅದನ್ನು ಹೊತ್ತುಕೊಂಡು ಹೋಗಬೇಕು."

ಹನ್ನೆರಡೂವರೆಗೆ ಪಂಚನಾಮೆ ಮುಗಿಯಿತು. ಡಾಕ್ಟರರು ಹೋದ ಮೇಲೆ ಫೌಜದಾರರು ಕರಿಬಸಪ್ಪನನ್ನು ಪಡಸಾಲೆಯಲ್ಲಿ ಕೂರಿಸಿ, ಹಿತ್ತಲಿಗೆ ಮನೆಯ ಇಬ್ಬರು ಹೆಂಗಸರನ್ನು ಕರೆಸಿದರು. ಶಂಕ್ರವ್ವ ಸೆರಗು ಹೊದ್ದು ಕಂಬದ ಮರೆಯಲ್ಲಿ ನಿಂತಳು. ನಲವತ್ತರ ಹೆಂಗಸು; ಮುಖ ಬತ್ತಿತ್ತು. ಅವರು ಕೇಳುವ ಮೊದಲೇ ಅವಳು ಹೇಳಿದಳು.

"ನಾನ ಚುಚ್ಚೇನ್ರಿ."

"ಯಾವಾಗ?"

"ಶನಿವಾರ. ಸಂಜಿಮುಂದ."

"ಒಬ್ಬಾಕೀನ?"

"ಒಬ್ಬಾಕೀನ."

"ಕುದುರಿ ಕಾಲ ಎತ್ತಿ ಚುಚ್ಚಿದ್ರಿ. ಹೌದಲ್ಲೋ? ಈಗ ಹಿಂಗಾಲ ಎತ್ರಿ. ನೋವಿಲ್ಲದ ಕಾಲು."

ಶಂಕ್ರವ್ವ ಕುದುರೆಯ ಹತ್ತಿರ ಹೋದಳು. ಕೈ ಚಾಚಿದಳು. ಚಂದ್ರಿ ಕಿವಿ ಒತ್ತಿ ಪಕ್ಕಕ್ಕೆ ಸರಿಯಿತು. ಇನ್ನೊಮ್ಮೆ ಚಾಚಿದಳು, ಗೊರಸು ನೆಲಕ್ಕೆ ಅಪ್ಪಳಿಸಿತು. ಅವಳು ಅಲ್ಲಿಯೇ ನಿಂತು ಮುಖ ಮುಚ್ಚಿಕೊಂಡಳು.

"ಸಾಕ್ರಿ ಅಯ್ಯನೋರ," ಎಂದಳು ಕಾಶೆವ್ವ. "ಅಕಿ ಸುಳ್ಳ ಹೇಳಾಕೂ ಬರದಾಕಿ. ಅದಕ್ಕ ಇವತ್ತ ಈ ಗತಿ ಬಂದೈತಿ. ಚುಚ್ಚಿದಾಕಿ ನಾನು."

"ದಬ್ಬಣ ಎಲ್ಲೈತ್ರಿ ಅವ್ವಾರ?"

"ಜಗುಲಿ ಮ್ಯಾಲೆ. ಲಿಂಗದ ಮುಂದ ಇಟ್ಟೇನಿ. ಅವನ ಮುಂದ ಯಾವುದನ್ನೂ ಮುಚ್ಚಿಟ್ಟಾಕಿ ಅಲ್ಲ ನಾನು."

ಪರಸಪ್ಪ ಹೋಗಿ ತಂದ. ತುದಿ ಮುರಿದ ದಬ್ಬಣ, ಮೇಲೊಂದು ಬಿಲ್ವಪತ್ರೆ. ಮುರಿದ ತುದಿಯನ್ನು ಇಟ್ಟು ನೋಡಿದರು. ಹೊಂದಿತು.

"ಯಾಕ ಮಾಡಿದ್ರಿ?"

"ಶಂಕ್ರವ್ವ ನನ್ನ ಅಣ್ಣನ ಮಗಳ್ರಿ. ಅಣ್ಣ ಸಾಯೂಮುಂದ ಅಂಗೈಯಾಗ ಲಿಂಗ ಹಿಡಕೊಂಡು ಕೇಳಿದ. ನನ್ನ ಮಗಳ ಕಣ್ಣಾಗ ನೀರ ಬರೂದಿಲ್ಲಂತ ಮಾತ ಕೊಡವ್ವಾ ಅಂದ. ನಾ ಲಿಂಗದ ಮ್ಯಾಲೆ ಕೈ ಇಟ್ಟು ಕೊಟ್ಟೆ. ಈ ಮಗಗ ತಂದು ಮಾಡಿಕೊಂಡೆ." ಅವಳ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಲಗ್ನದ ಸುದ್ದಿ ತಿಳಿದ ದಿನ ಅವನ ಮುಂದ ಸೆರಗ ಒಡ್ಡಿದೆ. ಅವ ಏನಂದ ಕೇಳ್ರಿ. ನಿನ್ನ ಅಣ್ಣನ ಮಗಳಿಗೆ ಹಿತ್ತಲ ಖೋಲಿ ಐತಿ, ಕುದುರಿಗೆ ಲಾಯ ಐತಿ, ಯಾರಿಗೂ ಮೇವ ಕಡಿಮಿ ಮಾಡೂದಿಲ್ಲ ಅಂದ."

"ಅದಕ್ಕ ಕುದುರಿ ಕಾಲು?"

"ಎಂಟ ದಿನ ಕುಂಟಲಿ, ಆ ದೇಸಾಯರ ಅಗಸಿ ಬಾಗಲದಾಗ ಇವ ಮ್ಯಾಲಿಂದ ಬೀಳಲಿ ಅಂತ ಮಾಡಿದ್ದೆ. ತುದಿ ಮುರದು ಒಳಗ ಉಳೀತು. ತಗೀಲಿಕ್ಕೆ ಆಗಲಿಲ್ಲ. ಇಬತ್ತಿ ಒತ್ತಿದೆ. ಮೂರ ದಿನದಿಂದ ಅಕಿ ನರಳೂದ ಕೇಳೇನಿ."

"ಚುಚ್ಚೂದಿತ್ತಂದ್ರ ಮಗನ ಕಾಲು ಇತ್ತಲ್ಲ," ಎಂದ ಪರಸಪ್ಪ, ತಡೆಯಲಾರದೆ.

"ಅದಕ್ಕ ಬೂಟು ಐತೆಪ್ಪಾ," ಎಂದಳು ಮುದುಕಿ.

ಪರಸಪ್ಪ ಈ ಸಲ ಗೋಡೆ ನೋಡಲಿಲ್ಲ.

"ಅವ್ವಾರ," ಎಂದರು ಬಸಲಿಂಗಯ್ಯನವರು. "ನೀವು ಹೇಳಿದ್ದೆಲ್ಲಾ ಕೇಳಿದೆ. ಆದ್ರ ಆ ಪ್ರಾಣಿ ಕರೆದ ಕೂಡಲೇ ನಿಮ್ಮ ಕೈಯಾಗ ಕಾಲ ಕೊಟ್ಟಿತು. ಅದನ್ನ ನಂಬಿಸಿ ಚುಚ್ಚಿದ್ರಿ. ಮಗ ಹೆಂಡ್ತಿಗೆ ಮಾಡಾಕ ಹೊಂಟಿದ್ದಕ್ಕೂ ಇದಕ್ಕೂ ಏನ ಫರಕು?"

ಕಾಶೆವ್ವ ಗೋಣಿ ಸುತ್ತಿದ ಕಾಲನ್ನು ನೋಡಿದಳು. "ಫರಕಿಲ್ರಿ," ಎಂದಳು. "ಅವನ್ನ ಹಡದಾಕಿ ನಾನ ಅಲ್ಲೇನು?"

ಪಡಸಾಲೆಯಲ್ಲಿ ಸುದ್ದಿ ಕೇಳಿದ ಕರಿಬಸಪ್ಪ ಮೊದಲು ನಂಬಲಿಲ್ಲ. ಆಮೇಲೆ ಹೊರಗೆ ಓಣಿಯಲ್ಲಿ ಜನ ಸೇರಿದ್ದನ್ನು ನೋಡಿ ಬೆವತ. "ಫಿರ್ಯಾದಿ ಹರದ ಹಾಕ್ರಿ ಸಾಹೇಬ್ರ. ಮನಿ ಮಾತು ಮನ್ಯಾಗ ಇರಲಿ."

"ಯಾರರೇ ಇರಲಿ ಅಂದಿದ್ರಿ. ಹಿಂದ ತಗೊಳ್ಳಾವಲ್ಲ ಅಂದ್ರಿ. ಬರದೇನಿ. ಇನ್ನ ಅದು ಕೋರ್ಟಿನ ಮಾತು."

"ಬೀಗರು ಏನಂದಾರು?"

ಅವನ ಬಾಯಿಂದ ತಾಯಿಯ ಹೆಸರು ಬರಲಿಲ್ಲ; ಬೀಗರ ಹೆಸರು ಬಂತು. ಫೌಜದಾರರು ಟೊಪ್ಪಿಗೆ ಹಾಕಿಕೊಂಡರು.

"ಜಾಮೀನು ನಾ ನಿಲ್ತೇನಿ," ಎಂದ ಕರಿಬಸಪ್ಪ. "ಟಾಂಗಾ ತರಸ್ತೇನಿ."

"ಬ್ಯಾಡ," ಎಂದಳು ಕಾಶೆವ್ವ ಹಿಂದಿನಿಂದ. "ನಿನ್ನ ಜಾಮೀನೂ ಬ್ಯಾಡ, ನಿನ್ನ ಟಾಂಗಾನೂ ಬ್ಯಾಡ. ನನ್ನ ಕಾಲ ಗಟ್ಟಿ ಅದಾವ."

ಬೇಡಿ ಹಾಕಲಿಲ್ಲ. ಹಿತ್ತಲ ಬಾಗಿಲಿನಿಂದ ಹೋಗುವಾಗ ಲಾಯದ ಮುಂದೆ ಹಾಯಲೇಬೇಕಿತ್ತು. ಮುದುಕಿ ತಲೆ ತಗ್ಗಿಸಿ, ಸೆರಗನ್ನು ಮುಖಕ್ಕೆ ಎಳೆದುಕೊಂಡು ಬೇಗ ಬೇಗ ನಡೆದಳು. ಅವಳು ಏನೂ ಹೇಳಲಿಲ್ಲ, ಕೈಯನ್ನೂ ಚಾಚಲಿಲ್ಲ. ಆದರೆ ಚಂದ್ರಿ ಅವಳ ಹೆಜ್ಜೆಯ ಗುರುತು ಹಿಡಿದು, ಗೋಣಿ ಸುತ್ತಿದ ಎಡಗಾಲನ್ನು ಮಡಚಿ ಎತ್ತಿ ಹಿಡಿಯಿತು. ಹಿಡಿದುಕೊಳ್ಳುವ ಕೈಗಾಗಿ ಕಾಯುತ್ತ ಮೂರು ಕಾಲಿನ ಮೇಲೆ ನಿಂತಿತು. ಕಾಶೆವ್ವ ಹೋಗುತ್ತಿದ್ದವಳು ನಿಂತಳು. ತಿರುಗಿ ನೋಡುವ ಧೈರ್ಯ ಅವಳಿಗೆ ಆಗಲಿಲ್ಲ. ಫೌಜದಾರರೇ ಹೋಗಿ ಆ ಕಾಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ನೆಲಕ್ಕೆ ಇಳಿಸಿದರು. ಆಗ ಮುದುಕಿಯ ಗಂಟಲಿನಿಂದ ಬಂದ ಸದ್ದು ಓಣಿಯವರೆಗೂ ಕೇಳಿಸಿತು.

ಮಧ್ಯಾಹ್ನ ಒಂದೂವರೆಗೆ ಠಾಣೆಯಲ್ಲಿ ದಸ್ತಗಿರಿ ದಾಖಲಾಯಿತು. ಓಣಿಯ ಇಬ್ಬರು ಹಿರಿಯರು ಜಾಮೀನು ನಿಂತರು. ಮುಂದೆ ಕೋರ್ಟಿನಲ್ಲಿ ಅವಳು ತಪ್ಪು ಒಪ್ಪಿಕೊಂಡಳು. ವಯಸ್ಸು ನೋಡಿ, ಕೋರ್ಟು ಏಳುವ ತನಕ ಅಲ್ಲಿಯೇ ಕೂತಿರುವ ಶಿಕ್ಷೆಯಾಯಿತು. ಸಂಜೆ ಅವಳನ್ನು ಕರೆದೊಯ್ಯಲು ಬಂದವಳು ಶಂಕ್ರವ್ವ. ಇಬ್ಬರೂ ಅದೇ ಮನೆಗೆ ಹೋದರು.

ದೇಸಾಯರ ಮನೆಯವರು ಮುಹೂರ್ತ ತಪ್ಪಿಸಲಿಲ್ಲ. ಅದೇ ಶುಕ್ರವಾರ ದಾಂಡೇಲಿಯ ಕಡೆಯ ಒಬ್ಬ ಶ್ರೀಮಂತ ವಿಧುರ ಮೋಟಾರಿನಲ್ಲಿ ಬಂದು ಆ ಹುಡುಗಿಯನ್ನು ಮದುವೆಯಾದ. ಮೋಟಾರು ಬಾಗಿಲ ತನಕ ಬಂದದ್ದರಿಂದ ವರನ ಕಾಲು ನೆಲ ಮುಟ್ಟಲಿಲ್ಲ, ಪದ್ಧತಿಗೆ ಭಂಗ ಬರಲಿಲ್ಲ ಎಂದು ಆ ಮನೆತನದ ಹಿರಿಯರು ಸಮಾಧಾನಪಟ್ಟರಂತೆ. ಕರಿಬಸಪ್ಪ ಬೂಟು ಬಿಚ್ಚಿಟ್ಟ.

ಬಸಲಿಂಗಯ್ಯನವರು ದಸ್ತಗಿರಿಯಾದ ಆ ಮಂಗಳವಾರವೇ ಸಂಜೆ ದೀಪ ಹಚ್ಚಿಸಿ ತನಿಖೆಯ ವರದಿಗೆ ಕೂತರು. ಅಪರಾಧಕ್ಕೆ ಪ್ರೇರಣೆ ಏನು ಎಂಬಲ್ಲಿಗೆ ಬಂದಾಗ ಲೇಖಣಿಯನ್ನು ಮಸಿಯಲ್ಲಿ ಅದ್ದಿದರು. ಆಮೇಲೆ ಬರೆದರು: ಆರೋಪಿತಳು ಸಾಯುವ ಅಣ್ಣನಿಗೆ ಲಿಂಗದ ಮುಂದೆ ವಚನ ಕೊಟ್ಟಿದ್ದಳು, ಅದನ್ನು ಉಳಿಸಲು ಬೇರೆ ದಾರಿ ಕಾಣದೆ ಹೀಗೆ ಮಾಡಿದಳು.

ಅಷ್ಟಕ್ಕೆ ಮುಗಿಸಬೇಕಾಗಿತ್ತು. ಆದರೆ ಕೆಳಗೆ ಇನ್ನೊಂದು ಸಾಲು ಸೇರಿಸಿದರು. ಕುದುರೆಗೆ ಯಾರೂ ಯಾವ ವಚನವನ್ನೂ ಕೊಟ್ಟಿರಲಿಲ್ಲ.